ಟೋಪಿಯಲ್ಲಿ ಸೂಜಿ, ಬೆನ್ನಿಗೆ ಹದಿಮೂರು ಅಂಕಿ

ಕಾಕಾರ ಬಿಳಿ ಟೋಪಿಯ ಮಡಿಕೆಯಲ್ಲಿ, ಬಲಗಿವಿಯ ಮೇಲೆ, ಯಾವಾಗಲೂ ಒಂದು ಸೂಜಿ ಚುಚ್ಚಿರುತ್ತಿತ್ತು. ಗುಂಡಿ ಹಚ್ಚುವ ಸಣ್ಣ ಸೂಜಿಯಲ್ಲ, ಗೋಣಿಚೀಲ ಹೊಲಿಯುವ ದಬ್ಬಣವೂ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಕೌದಿ ಹೊಲಿಯಲು ಬಳಸುವಂಥದ್ದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅವರು ತಲೆ ತಿರುಗಿಸಿದಾಗಲೆಲ್ಲ ಅದು ಒಮ್ಮೆ ಮಿಂಚುತ್ತಿತ್ತು. ಮೊದಲ ಸಲ ನೋಡಿದವರು ಏನೋ ಹರಕೆ ಇರಬೇಕು ಎಂದುಕೊಳ್ಳುತ್ತಿದ್ದರು. ನಾನಂತೂ ಟೋಪಿ ಹರಿದಿದೆ, ಹೊಲಿಯಲು ತೆಗೆದಿಟ್ಟುಕೊಂಡು ಮರೆತಿದ್ದಾರೆ ಎಂದೇ ತಿಳಿದಿದ್ದೆ.

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಟರೆ ಬೆಲ್ಲದ ಅಡತಿ ಅಂಗಡಿ, ಅದರ ಬಾಜೂಕ್ಕೆ ಅವರ ಪುಸ್ತಕದ ಅಂಗಡಿ. ಮರಾಠಿ ಶಾಲೆಯ ಪುಸ್ತಕ ಮುಂದೆ, ಕನ್ನಡದ್ದು ಒಳಗೆ. ತಾವೂ ಆಗಾಗ ಸಣ್ಣಪುಟ್ಟ ಕನ್ನಡ ಪುಸ್ತಕ ಅಚ್ಚು ಹಾಕಿಸುತ್ತಿದ್ದರು: ಭಜನೆಯ ಪದಗಳು, ಮದುವೆಯ ಹಾಡು, ಅವರ ತಂದೆ ಬರೆದ ಮನೆಮದ್ದಿನ ಪುಸ್ತಕ. ಊರೆಲ್ಲ ಅವರನ್ನು ಪುಸ್ತಕದ ಕಾಕಾ ಎನ್ನುತ್ತಿತ್ತು. ಬೆನ್ನ ಹಿಂದೆ ಸಂಶಯದ ಕಾಕಾ ಎನ್ನುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ಯಾರು ಯಾರು ಹಾಗೆ ಅನ್ನುತ್ತಾರೆ ಎಂಬುದೂ ಗೊತ್ತಿತ್ತು.

ನಾನು ಸುಳಕೂಡದವಳು, ಕುರಿ ಕಾಯ್ದವರ ಮನೆಯ ಹುಡುಗಿ. ಕನ್ನಡ ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕು ಆ ಊರಿಗೆ ಬಂದೆ. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಲ್ಲಿ ಬಾಯಿ, ಬಾಯಾರು ಎನ್ನುತ್ತಾರೆ. ಬಂದ ವಾರವೇ ಒಂದು ದೊಡ್ಡ ಕನ್ನಡ ನಿಘಂಟು ಬೇಕೆಂದು ಅಂಗಡಿಗೆ ಹೋದೆ. ಕಾಕಾ ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಯಾರ ಕಳಸ್ಯಾರ ನಿಮ್ಮನ್ನ?"

"ಯಾರೂ ಕಳಿಸಿಲ್ರಿ. ನಾ ಕನ್ನಡ ಸಾಲಿ ಬಾಯಿ. ಹೊಸದಾಗಿ ಬಂದೇನಿ."

"ನಿಘಂಟ ಯಾಕ ಬೇಕು? ಓದಾಕೋ, ಝೆರಾಕ್ಸ್ ಮಾಡಾಕೋ?"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ದಪ್ಪ ಪುಸ್ತಕವನ್ನು ಝೆರಾಕ್ಸ್ ಮಾಡುವವಳ ಮುಖ ಹೀಗಿರುತ್ತದೆಯೇ? "ಓದಾಕರೀ. ನಮ್ಮ ಮನ್ಯಾಗ ಆಡೂ ಮಾತು ಅದರಾಗ ಅದಾವೋ ಇಲ್ಲೋ ನೋಡೂದೈತಿ" ಎಂದೆ. ಅದೇನು ಅವರ ಕಿವಿಗೆ ಹಿಡಿಸಿತೋ, ಒಂದು ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದರು. "ಒಂದ ಪ್ರತಿ ಐತಿ. ಮಾರೂದಲ್ಲ. ಇಲ್ಲೇ ಕುಂತ ಓದ್ರಿ" ಎಂದರು.

ಹೀಗೆ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಆ ಸ್ಟೂಲು ನನ್ನದಾಯಿತು. ನಿಘಂಟು ಮಾತ್ರವಲ್ಲ, ವರುಷಗಳ ಮೇಲೆ ವರುಷ ಅಲ್ಲಿ ಕೂತು ಆ ಅಂಗಡಿಯ ಕನ್ನಡ ಕಪಾಟನ್ನು ಹೆಚ್ಚುಕಡಿಮೆ ಪೂರಾ ಓದಿದೆ. ಆದರೆ ಒಂದು ಪುಸ್ತಕವನ್ನೂ ಮನೆಗೆ ಒಯ್ಯಲು ಬಿಡಲಿಲ್ಲ. ಗೋಡೆಗೆ ಒಂದು ಗುಂಡು ಕನ್ನಡಿ ಹಾಕಿದ್ದರು. ಗಿರಾಕಿಗೆ ಬೆನ್ನು ಮಾಡಿ ನಿಂತರೂ ಗಿರಾಕಿಯ ಕೈ ಕಾಣುತ್ತಿತ್ತು. ಆ ಕನ್ನಡಿಯಲ್ಲಿ ನಾನೂ ಇದ್ದೆ. ಕಾಕು, ಅಂದರೆ ಅವರ ಹೆಂಡತಿ, ಒಳಮನೆಯಿಂದ ಚಹಾ ತಂದುಕೊಡುತ್ತ "ಹಿಂತಾದ್ದೊಂದ ಕನ್ನಡಿ ನನ್ನ ಅಡಗಿಮನ್ಯಾಗೂ ಹಾಕಸ್ತೇನಂದಿದ್ರವ್ವಾ. ನಾ ಲಟ್ಟಣಗಿ ತೋರಿಸಿದೆ" ಎಂದು ನಗುತ್ತಿದ್ದರು.

ಕಾಕಾರ ಸಂಶಯಕ್ಕೆ ಇಂಥದ್ದೇ ಆಗಬೇಕೆಂದಿರಲಿಲ್ಲ. ಪಾರ್ಸಲ್ ಬಂದರೆ ಮೊದಲು ಹಗ್ಗದ ಗಂಟನ್ನು ಪರೀಕ್ಷೆ ಮಾಡುತ್ತಿದ್ದರು, ದಾರಿಯಲ್ಲಿ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ ಎಂದು. ಕೊಲ್ಹಾಪುರಕ್ಕೆ ಹೋಗುವುದಿದ್ದರೆ ನಿಪ್ಪಾಣಿಗೆ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ "ಎಲ್ಲಾರಿಗೂ ಎಲ್ಲಾ ಗೊತ್ತ ಇರಬೇಕಂತ ಕಾಯ್ದೆ ಐತೇನ?" ಎನ್ನುವರು. ಯಾರಾದರೂ ಅವರನ್ನು ಹೊಗಳಿದರೆ ಅವತ್ತು ಊಟ ಸೇರುತ್ತಿರಲಿಲ್ಲ. "ಯಾಕ ಹೊಗಳಿದಾ ಅಂವಾ? ಏನರ ಐತಿ ಇದರಾಗ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಸೂಜಿಯ ಸಂಗತಿ ನನಗೆ ತಿಳಿದದ್ದು ಸ್ಟೂಲಿನ ಮೇಲೆ ಕೂತು ಬಹಳ ಕಾಲವಾದ ಮೇಲೆ. ಅವರು ಅಚ್ಚು ಹಾಕಿಸಿದ ಪುಸ್ತಕಗಳ ಕಟ್ಟು ಪ್ರೆಸ್ಸಿನಿಂದ ಬಂದಾಗ ಕದ ಅರ್ಧ ಮುಂದೆ ಮಾಡಿ, ಟೋಪಿಯಿಂದ ಸೂಜಿ ತೆಗೆದು, ಪ್ರತಿಯೊಂದು ಪ್ರತಿಯ ಯಾವುದೋ ಒಂದು ಹಾಳೆಗೆ ಒಮ್ಮೆ ಚುಚ್ಚಿ ಬದಿಗಿಡುತ್ತಿದ್ದರು. ಸುಮ್ಮನೆ ನೋಡಿದರೆ ಏನೂ ಕಾಣದು. ಹಾಳೆಯನ್ನು ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ತೂತು. ಯಾವ ಪುಸ್ತಕಕ್ಕೆ ಯಾವ ಹಾಳೆ ಎಂಬುದು ಅವರ ತಲೆಯಲ್ಲಿ ಮಾತ್ರ. ಮನೆಮದ್ದಿನ ಪುಸ್ತಕದಲ್ಲಿ ಹಿಂಗಿನ ವಿಷಯ ಇರುವ ಪುಟದ ಅಂಚಿಗೆ ಎಂಬುದನ್ನು ನಾನು ಅದೇ ಗುಂಡು ಕನ್ನಡಿಯಲ್ಲಿ ನೋಡಿ ಪತ್ತೆಹಚ್ಚಿದೆ. ಸಂಶಯ ಅವರೊಬ್ಬರ ಸೊತ್ತೇನೂ ಆಗಿರಲಿಲ್ಲ, ಅಷ್ಟು ದಿನ ಜೊತೆಗೆ ಕೂತರೆ ಅಂಟಿಕೊಳ್ಳುತ್ತದೆ.

ಕಾರಣವನ್ನು ಕಾಕು ಹೇಳಿದರು. ಬಹಳ ಹಿಂದೆ, ಕಾಕಾರ ತಂದೆ ಇದ್ದಾಗ, ಬೇರೆ ಊರಿನ ಒಬ್ಬ ಪ್ರೆಸ್ಸಿನವನು ಮನೆಮದ್ದಿನ ಪುಸ್ತಕವನ್ನು ಕದ್ದು ತಾನೇ ಅಚ್ಚು ಹಾಕಿ ಸಂತೆಗಳಲ್ಲಿ ಮಾರಿದನಂತೆ. ಅವಸರದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. 'ಇದನ್ನು ಸಣ್ಣ ಮಕ್ಕಳಿಗೆ ಕೊಡಬಾರದು' ಎಂಬ ಸಾಲು. ಯಾರದೋ ಮನೆಯ ಕೂಸಿಗೆ ಬಾಧೆಯಾಯಿತು. ಕೂಸು ಉಳಿಯಿತು, ದೇವರು ದೊಡ್ಡವನು. ಆದರೆ ಅದರ ತಂದೆ ಅಂಗಡಿಯ ಮುಂದೆ ನಿಂತು ಆ ಹಿರಿಯರಿಗೆ ಬಾಯಿಗೆ ಬಂದಂತೆ ಬೈದು ಹೋದ. ಆ ಪುಸ್ತಕ ತನ್ನದಲ್ಲ ಎಂದು ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ. ಆಮೇಲೆ ಅವರು ಅಂಗಡಿಯಲ್ಲಿ ಕೂರಲೇ ಇಲ್ಲ. ಆವತ್ತಿನಿಂದ ಮಗನ ಟೋಪಿಗೆ ಸೂಜಿ ಬಂತು.

ಇದನ್ನು ಕೇಳಿದ ಮೇಲೆ ನಾನು ಕಾಕಾರ ಬಗ್ಗೆ ನಗುವುದನ್ನು ಕಡಿಮೆ ಮಾಡಿದೆ. ಪೂರಾ ಬಿಡಲಿಲ್ಲ.

ಇಂಥವರು ಸಂಶಯ ಪಡದ ಒಬ್ಬನೇ ಒಬ್ಬ ಮನುಷ್ಯ ಭೂಮಿಯ ಮೇಲಿದ್ದ: ಇಚಲಕರಂಜಿಯ ಪ್ರೆಸ್ಸಿನವರು. ನಾನು ಅವರನ್ನು ಪ್ರೆಸ್ ಮಾಮಾ ಎನ್ನುತ್ತಿದ್ದೆ. ನೇಕಾರರ ಓಣಿಯಲ್ಲಿ, ಎರಡು ಕಡೆ ಮಗ್ಗಗಳ ನಡುವೆ ಅವರ ಪ್ರೆಸ್ಸು. ಪವರ್‌ಲೂಮಿನ ಗದ್ದಲದಲ್ಲಿ ಅಲ್ಲಿ ಮಾತೆಲ್ಲ ಕೂಗಾಟವೇ. ಆಳು ಎತ್ತರ, ದನಿ ದೊಡ್ಡದು, ಮನಸ್ಸು ಬೆಣ್ಣೆ. ಕಾಕಾ ಮತ್ತು ಅವರು ಇಬ್ಬರೂ ಹುಡುಗರಾಗಿದ್ದಾಗಿನಿಂದ ಸ್ನೇಹಿತರು. ಒಬ್ಬರಿಗೊಬ್ಬರು 'ನೀ' ಎಂದೇ ಮಾತು. ಮನೆಮದ್ದಿನ ಪುಸ್ತಕದ ಫಿಲ್ಮುಗಳು, ಅಂದರೆ ಅಚ್ಚಿಗೆ ಬೇಕಾದ ಮೂಲ, ವರುಷಗಟ್ಟಲೆ ಪ್ರೆಸ್ ಮಾಮಾರ ಕಪಾಟಿನಲ್ಲೇ ಇದ್ದವು. ಕೀಲಿಯಿಲ್ಲದ ಕಪಾಟು. ಕಾಕಾ ಅದರ ಬಗ್ಗೆ ಒಂದು ದಿನವೂ ಕೇಳಿದ್ದನ್ನು ನಾನು ಕಾಣೆ.

ಸ್ಟೂಲಿನ ಮೇಲಿನ ನನ್ನ ಓದಿಗೂ ಒಂದು ಗತಿ ಬಂತು. ನಮ್ಮಪ್ಪ, ನಮ್ಮ ದೊಡ್ಡವ್ವ ಆಡುತ್ತಿದ್ದ ಕುರಿಗಾರರ ಮಾತುಗಳನ್ನು ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ, ಅರ್ಧಕ್ಕರ್ಧ ಸಿಗುತ್ತಿರಲಿಲ್ಲ. ಕುರಿಯ ಬಣ್ಣಕ್ಕೆ, ಕಿವಿಗೆ, ನಡಿಗೆಗೆ, ರೋಗಕ್ಕೆ ಇದ್ದ ಮಾತುಗಳು ಅವು. ಒಂದು ದಿನ ಬೇಸರದಿಂದ ನಿಘಂಟು ಮುಚ್ಚಿದೆ. "ನಮ್ಮ ಮಂದಿ ಮಾತ ಇದರಾಗ ಇಲ್ರಿ ಕಾಕಾ" ಎಂದೆ.

"ಇಲ್ಲಂದ್ರ ನೀವ ಬರೀರಿ. ನಾ ಹಾಕತೇನಿ" ಎಂದರು, ಬೀಡಿ ಹಚ್ಚಿದಷ್ಟು ಸಲೀಸಾಗಿ.

ನನ್ನ ಜೀವನದಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣದಾಗಿ ಹೇಳಿಲ್ಲ. ಬರೆದೆ. ಸುಳಕೂಡಕ್ಕೆ ಓಡಾಡಿ, ಮುದುಕರನ್ನು ಕಾಡಿ ಬೇಡಿ ಕೇಳಿ ಬರೆದೆ. ಪುಸ್ತಕ ಇಚಲಕರಂಜಿಗೆ ಅಚ್ಚಿಗೆ ಹೋಯಿತು.

ಅದೇ ಹೊತ್ತಿಗೆ ಸರ್ಕಾರದಿಂದ ಒಂದು ನಂಬರಿನ ಕಾಗದ ಬಂತು.

ಪುಸ್ತಕಗಳ ಬೆನ್ನ ಮೇಲೆ ಒಂದು ಉದ್ದ ನಂಬರು ಇರುತ್ತದಲ್ಲ, ಜಗತ್ತಿನ ಯಾವ ಮೂಲೆಯಲ್ಲೂ ಆ ಪುಸ್ತಕ ಯಾವುದು, ಯಾರದು ಎಂದು ಗುರುತಿಸಲು ಕೊಡುವಂಥದ್ದು, ಅದು ಆಗ ಹತ್ತು ಅಂಕಿಯದಿತ್ತು. ಕಾಕಾರಿಗೆ ಆ ನಂಬರಿನ ಮೇಲೆ ಬಹಳ ಪ್ರೀತಿ. ಸೂಜಿ ತಮ್ಮ ಗುರುತು, ನಂಬರು ಸರ್ಕಾರದ ಗುರುತು. ಎರಡೂ ಇದ್ದರೆ ಯಾವ ಕಳ್ಳ ಏನು ಮಾಡಿಯಾನು? ತಮ್ಮ ಪುಸ್ತಕಗಳ ನಂಬರೆಲ್ಲ ಅವರಿಗೆ ಬಾಯಿಪಾಠ. ಕಾಗದ ಇಂಗ್ಲಿಷಿನಲ್ಲಿತ್ತು, ಓದಿ ಹೇಳಲು ನನ್ನ ಕೈಗೆ ಕೊಟ್ಟರು. "ಇನ್ನ ಮುಂದ ಹತ್ತಲ್ರಿ, ಹದಿಮೂರ ಅಂಕಿ ಆಗತಾವಂತ. ಹಳೇ ನಂಬರಿನ ಮುಂದ ಒಂಬತ್ತ, ಏಳ, ಎಂಟ ಹಚ್ಚಬೇಕಂತ" ಎಂದು ಮೊದಲ ಭಾಗ ಹೇಳುವಷ್ಟರಲ್ಲಿ ಕಾಗದ ನನ್ನ ಕೈಯಿಂದ ಕಸಿದಾಗಿತ್ತು.

"ಯಾಕಂತ? ಹತ್ತ ಅಂಕಿಗೆ ಏನ ಧಾಡಿ ಆಗಿತ್ತು?"

"ಜಗತ್ತಿನ್ಯಾಗ ಪುಸ್ತಕ ಜಾಸ್ತಿ ಆಗ್ಯಾವಂತ, ನಂಬರ ಸಾಲೂದಿಲ್ಲಂತ. ಇನ್ನೂ ಐತ್ರಿ, ತಡೀರಿ, ಪೂರಾ ಓದತೇನಿ."

"ಸಾಕ ಬಿಡ್ರಿ. ಮುಂದ ಮೂರ ಅಂಕಿ ಹಚ್ಚೂದು, ತಿಳೀತು. ಪುಸ್ತಕ ಜಾಸ್ತಿ ಆಗ್ಯಾವಂತ! ಓದೂ ಮಂದಿ ಎಲ್ಲಿ ಜಾಸ್ತಿ ಆಗ್ಯಾರ? ಏನರ ಐತಿ ಇದರಾಗ." ಕಾಗದವನ್ನು ಮಡಿಚಿ ತಾವು ಕೂರುವ ಗಾದಿಯ ಕೆಳಗೆ ತುರುಕಿ ಅದರ ಮೇಲೆ ಕೂತರು. ಅವರ ಕೆಳಗಿಂದ ಕಾಗದ ಎಳೆದು ಓದುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ದಿನ ಕಾಕಾ ಪ್ರೆಸ್ಸಿಗೆಂದು ಇಚಲಕರಂಜಿಗೆ ಹೋದರು, ನನ್ನ ಪುಸ್ತಕದ ಅಚ್ಚು ನೋಡಿ ಬರಲು. ಮಧ್ಯಾಹ್ನಕ್ಕೇ ಮರಳಿದರು. ಅವತ್ತು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ನಾನು ಸ್ಟೂಲಿನ ಮೇಲಿದ್ದೆ. ಅವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಕಾಕು ಕೊಟ್ಟ ನೀರನ್ನು ಕೆಳಗಿಟ್ಟರು.

"ನಮ್ಮ ಅಪ್ಪನ ಪುಸ್ತಕಾ ಮತ್ತ ಕಳವಾಗೈತಿ" ಎಂದರು.

ಆದದ್ದು ಇಷ್ಟು. ಇಚಲಕರಂಜಿ ಬಸ್‌ಸ್ಟ್ಯಾಂಡಿನ ಬುಕ್‌ಸ್ಟಾಲಿನಲ್ಲಿ ಮನೆಮದ್ದಿನ ಪುಸ್ತಕ ತೂಗುಹಾಕಿತ್ತು. ಬೆನ್ನ ಮೇಲೆ ಹೊಸದೊಂದು ಚೀಟಿ ಅಂಟಿಸಿತ್ತು, ಹದಿಮೂರು ಅಂಕಿಯದು. ಕಾಕಾ ಅಂಕಿಯೊಂದೊಂದನ್ನೇ ಓದಿದರು. ಮುಂದೆ ಹೊಸ ಮೂರು ಅಂಕಿ, ಸರಿ. ನಡುವೆ ತಮ್ಮ ಅಂಕಿಗಳು, ಸರಿ. ಕಡೆಯ ಅಂಕಿ ಮಾತ್ರ ಬೇರೆ!

"ಕಡೇ ಅಂಕಿ ಬ್ಯಾರೆ ಐತಿ ಬಾಯಾರ! ಕಳ್ಳ ಮುಂದಿಂದೆಲ್ಲಾ ನೋಡಿ ನೋಡಿ ಬರದಾನ, ಬಾಲದಾಗ ಸಿಕ್ಕೊಂಡಾನ. ಫಿಲ್ಮ್ ಇರೂದ ಒಬ್ಬನ ಹಂತ್ಯಾಕ. ಇನ್ನ ಯಾರ ಮಾಡ್ತಾರ ಇದನ್ನ?"

"ಅಂವಾ ಹಂಗ ಮಾಡಾಂವ ಅಲ್ಲರಿ" ಎಂದರು ಕಾಕು, ಸೆರಗಿನ ತುದಿ ಹಿಡಿದುಕೊಂಡು.

"ನಂಬರ ಸುಳ್ಳ ಹೇಳೂದಿಲ್ಲ. ಮನಶ್ಯಾ ಹೇಳ್ತಾನ."

"ಸೂಜಿ ತೂತ ನೋಡಿದ್ರೇನ್ರಿ?" ನಾನು ಕೇಳಿದೆ. ಆ ತೂತಿನ ವಿಷಯ ನನಗೆ ಗೊತ್ತೆಂದು ಅವರಿಗೆ ಅವತ್ತೇ ಗೊತ್ತಾದದ್ದು. ತಲೆ ಎತ್ತಿ ಗುಂಡು ಕನ್ನಡಿಯ ಕಡೆ ನೋಡಿದರು. ಆಮೇಲೆ "ಕಳವಿನ ಮಾಲ್ ನಾ ಯಾಕ ಮುಟ್ಟಲಿ?" ಎಂದು ಎದ್ದುಹೋದರು.

ಮರುದಿನ ಎಸ್.ಟಿ. ಬಸ್ಸಿನ ಡ್ರೈವರನೊಬ್ಬನ ಕೈಯಲ್ಲಿ ಇಚಲಕರಂಜಿಗೆ ಮಾತು ಹೋಯಿತು: ಎಲ್ಲ ಕೆಲಸ ನಿಲ್ಲಿಸು, ಫಿಲ್ಮು ವಾಪಸ್ ಕಳಿಸು. ಪ್ರೆಸ್ ಮಾಮಾ ಫೋನು ಮಾಡಿದರು. ಕಾಕಾ ಎತ್ತಿ ಹಾಗೇ ಇಟ್ಟರು. ಮತ್ತೆ ಮಾಡಿದರು, ಇವರು ಎತ್ತಲಿಲ್ಲ. ಕಡೆಗೆ ಅವರೇ ಬಸ್ಸು ಹತ್ತಿ ಬಂದರು. ಅಷ್ಟು ಎತ್ತರದ ಮನುಷ್ಯ ಅಂಗಡಿಯ ಮೆಟ್ಟಿಲ ಮೇಲೆ, ಬಟ್ಟೆಯಲ್ಲಿ ಸುತ್ತಿದ ಫಿಲ್ಮಿನ ಗಂಟು ಎದೆಗವಚಿಕೊಂಡು ನಿಂತದ್ದು ನನ್ನ ಕಣ್ಣಿಗೆ ಕಟ್ಟಿದೆ.

"ಏನ ಆತೋ? ನಾ ಏನ ಮಾಡ್ದೆ, ಅದನ್ನರ ಹೇಳೋ" ಎಂದರು.

ಕಾಕಾ ಅವರ ಮುಖ ನೋಡಲಿಲ್ಲ. ಗುಂಡು ಕನ್ನಡಿಯಲ್ಲಿ ನೋಡುತ್ತ, ಪರಿಚಯವಿಲ್ಲದ ಗಿರಾಕಿಗೆ ಹೇಳುವ ಹಾಗೆ ಮರಾಠಿಯಲ್ಲಿ, "ದುಕಾನ್ ಬಂದ್ ಆಹೇ" ಎಂದರು. ಬಂದಾಗಿದೆ ಎಂದ ಅಂಗಡಿಯ ಎರಡೂ ಕದ ಹಾರು ಹೊಡೆದಿದ್ದವು. ಹುಡುಗಿಯರಿಬ್ಬರು ನೋಟ್‌ಬುಕ್ ಆರಿಸುತ್ತಿದ್ದರು.

ಪ್ರೆಸ್ ಮಾಮಾ ಬಹಳ ಹೊತ್ತು ಮೆಟ್ಟಿಲ ಮೇಲೇ ಕಾದು, ಕಡೆಗೆ ಗಂಟನ್ನು ಹಣದ ಗಲ್ಲೆಯ ಪಕ್ಕದಲ್ಲಿಟ್ಟರು. ಕಾಕು ಒಳಗಿಂದ "ಅಣ್ಣಾ, ಚಾ ಕುಡದ ಹೋಗ" ಎಂದು ಓಡಿ ಬರುವಷ್ಟರಲ್ಲಿ ಅವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ನನ್ನ ಪುಸ್ತಕ ಅರ್ಧ ಅಚ್ಚಾಗಿ ಅಲ್ಲೇ ಬಿದ್ದಿತು. ಈಗ ನನಗೂ ಸಂಶಯ ಹತ್ತಿತು, ಕಾಕಾರ ಮೇಲೇ. ನನ್ನ ಪುಸ್ತಕ ಹಾಕುವ ಮನಸ್ಸು ಹೋಗಿ ಈ ನಾಟಕ ಹೂಡಿದ್ದಾರೆಯೇ? ಅಷ್ಟು ಹಳೆಯ ಗೆಳೆಯನನ್ನು ಒಂದು ಅಂಕಿಗಾಗಿ ಯಾರಾದರೂ ಬಿಡುತ್ತಾರೆಯೇ? ಪ್ರೆಸ್ ಮಾಮಾರ ಮೇಲೂ ಬಂತು, ಸುಳ್ಳೇಕೆ ಹೇಳಲಿ. ಬೆಣ್ಣೆಯಂಥವರೇ ಕೈಯಿಂದ ಜಾರುವುದು ಎಂದುಕೊಂಡೆ. ಮನೆಯಲ್ಲಿ ಅನ್ನ ಮಾಡುವಾಗ ಅಕ್ಕಿಯ ಅಂಗಡಿಯವನ ಮೇಲೂ ಬಂದಾಗ ಮಾತ್ರ ಇದು ಹೀಗೇ ಬಿಟ್ಟರೆ ನಾನೂ ಟೋಪಿ ಹಾಕಿಕೊಳ್ಳಬೇಕಾದೀತು ಎನಿಸಿತು. ರವಿವಾರ ಇಚಲಕರಂಜಿಯ ಬಸ್ಸು ಹತ್ತಿದೆ.

ಸ್ಟಾಲಿನಲ್ಲಿ ಮನೆಮದ್ದಿನ ಪುಸ್ತಕ ಇನ್ನೂ ತೂಗುತ್ತಿತ್ತು. ಕೊಂಡೆ. ಅಲ್ಲೇ ಬಿಸಿಲಿಗೆ ಬಂದು ಹಿಂಗಿನ ಪುಟ ತೆಗೆದು ಎತ್ತಿ ಹಿಡಿದೆ. ಅಂಚಿನಲ್ಲಿ ಬೆಳಕಿನ ಒಂದು ಚುಕ್ಕೆ. ಇನ್ನೊಂದು ಪ್ರತಿ ಕೇಳಿ ನೋಡಿದೆ, ಅದರಲ್ಲೂ ಇತ್ತು. ಇವು ಕಳವಿನವಲ್ಲ, ಕಾಕಾ ತಮ್ಮ ಕೈಯಾರೆ ಚುಚ್ಚಿದ, ತಮ್ಮ ಅಂಗಡಿಯಿಂದಲೇ ಹೊರಟ ಪುಸ್ತಕಗಳು. ಹಾಗಾದರೆ ಕಡೆಯ ಅಂಕಿ?

"ಈ ಚೀಟಿ ಯಾರ ಹಚ್ಯಾರ್ರೀ?" ಎಂದು ಸ್ಟಾಲಿನವನನ್ನು ಕೇಳಿದೆ.

"ಕೊಲ್ಹಾಪುರದ ಏಜೆಂಟ ಹಚ್ಚಿ ಕೊಡ್ತಾರ್ರಿ ಬಾಯಿ. ಹಳೇ ಸ್ಟಾಕಿಗೆಲ್ಲಾ ಹಚ್ಯಾರ" ಎಂದ ಅವನು.

ಅಲ್ಲಿಂದಲೇ ಕೊಲ್ಹಾಪುರಕ್ಕೆ ಹೋದೆ. ಊರೂರಿನ ಅಂಗಡಿಗಳಿಗೆ ಪುಸ್ತಕ ಹಂಚುವ ಆ ಏಜೆಂಟರ ಗೋದಾಮಿನಲ್ಲಿ ಸೊಂಟದೆತ್ತರ ಪುಸ್ತಕದ ರಾಶಿ, ಎಲ್ಲದರ ಬೆನ್ನಿಗೂ ಹೊಸ ಚೀಟಿ. ಏಜೆಂಟರಿಗೆ ನನ್ನ ಪ್ರಶ್ನೆ ಕೇಳಿ ನಗು ಬಂತು, ಆಮೇಲೆ ಬೇಸರವೂ ಬಂತು. "ತುಮ್ಹೀ ಪಣ್? ನೀವೂ ಅದ ಕೇಳಾಕ ಬಂದ್ರೇನ್ರಿ? ಎಲ್ಲಾ ಪ್ರಕಾಶಕರೂ ಜಗಳಕ್ಕ ಬರಾಕತ್ತಾರ. ಕಾಗದಾ ಪೂರಾ ಓದೂದಿಲ್ಲ ಯಾರೂ" ಎಂದರು. ಕಡೆಯ ಅಂಕಿ ಪುಸ್ತಕದ್ದಲ್ಲವಂತೆ. ಹಿಂದಿನ ಅಂಕಿಗಳನ್ನೆಲ್ಲ ಗುಣಿಸಿ ಕೂಡಿ ತೆಗೆಯುವ ತಾಳೆಯಂತೆ, ಬರೆಯುವಾಗ ಯಾರಾದರೂ ತಪ್ಪಿದರೆ ಅಲ್ಲಿ ಸಿಕ್ಕಿಬೀಳಲಿ ಎಂದು. ಮುಂದೆ ಮೂರು ಅಂಕಿ ಸೇರಿದ ಮೇಲೆ ಲೆಕ್ಕ ಬದಲು, ಲೆಕ್ಕ ಬದಲಾದ ಮೇಲೆ ತಾಳೆಯೂ ಬದಲು. ಹಳೆಯ ಬಾಲವನ್ನೇ ಉಳಿಸಿಕೊಂಡಿದ್ದರೆ ಅದೇ ತಪ್ಪಾಗುತ್ತಿತ್ತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂಶಯ ಪಡಲೆಂದೇ ಇಟ್ಟ ಅಂಕಿ ಅದು! ಇಡೀ ನಂಬರಿನಲ್ಲಿ ನಮ್ಮ ಕಾಕಾರ ಸ್ವಭಾವದ ಅಂಕಿ ಅದೊಂದೇ. ಅದರ ಮೇಲೇ ಇವರು ಸಂಶಯಪಟ್ಟಿದ್ದರು.

ಸೋಮವಾರ ಶಾಲೆ ಬಿಟ್ಟವಳೇ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಕಾಕಾ ಕೊನೆಯವರೆಗೂ ಕೇಳಿದರು. ಕೇಳಿ, ಅಷ್ಟು ವರುಷಗಳ ಮೇಲೆ, ನನ್ನ ಕಡೆ ತಿರುಗಿ ಅದೇ ಮಾತು ಅಂದರು:

"ಯಾರ ಕಳಸ್ಯಾರ ನಿಮ್ಮನ್ನ?"

ಎದ್ದು ಹೋಗಿಬಿಡಬೇಕು ಎನಿಸಿತು. ಆದರೆ ನಾನೂ ಕುರಿಗಾರರವಳು, ಹಟಮಾರಿ ಟಗರುಗಳ ಜೊತೆ ಬೆಳೆದವಳು.

"ನಮ್ಮಪ್ಪ ಮುರಗೂಡ ಸಂತ್ಯಾಗ ಟಗರ ಕೊಂಡ ತಂದ್ರ ಅದರ ಕಿವ್ಯಾಗ ಮೊದಲಿನವ್ರು ಕೊಯ್ದ ಗುರುತ ಇರತಿತ್ರಿ. ಅದರ ಬಾಜೂಕ ನಮ್ಮದೊಂದ ಗುರುತ ಕೊಯ್ತಿದ್ದಾ. ಎರಡ ಗುರುತ ಬಿದ್ದೂವಂತ ಟಗರ ಕಳವಿಂದ ಆಗತೈತೇನ್ರಿ ಕಾಕಾ?"

"ಅದ ಕುರಿ ವಿಷಯ. ಇದ ಪುಸ್ತಕ."

"ಹೌದ್ರಿ. ಕುರಿ ಆಗಿದ್ರ ನಮ್ಮಪ್ಪ ಮುಟ್ಟಿ ನೋಡತಿದ್ದಾ. ನೀವು ಮುಟ್ಟಿ ಸುದ್ದಾ ನೋಡಲಿಲ್ಲ."

ಪುಸ್ತಕವನ್ನು ಹಿಂಗಿನ ಪುಟಕ್ಕೆ ತೆರೆದು ಅವರ ಮುಂದಿಟ್ಟೆ. ಕಾಕಾ ಅದರ ಮೇಲೆ ಬಗ್ಗಿದರು. ಆಮೇಲೆ ಟೋಪಿಯಿಂದ ಸೂಜಿ ತೆಗೆದು, ಹಾಳೆ ಎತ್ತಿ, ತೂತಿಗೆ ಇಟ್ಟರು. ಸೂಜಿ ತಾನಾಗಿ ಇಳಿಯಿತು, ಒಂದಿಷ್ಟೂ ತಡೆಯಲಿಲ್ಲ. ಮತ್ತೆ ತೆಗೆದು ಮತ್ತೆ ಇಳಿಸಿದರು.

"ನಂದ ಐತಿ ಇದು" ಎಂದರು. ಆಮೇಲೆ ಒಳಗೆ ಕಾಕು ಕಡೆ ನೋಡಿ ಕೇಳಿದರು: "ಅವತ್ತ ಅಂವಾ ಎಷ್ಟ ಹೊತ್ತ ನಿಂತಿದ್ದಾ?"

"ಭಾಳ ಹೊತ್ತ ನಿಂತಿದ್ದಾ. ನೀವು ನೀರ ಸುದ್ದಾ ಕೇಳಲಿಲ್ಲ" ಎಂದರು ಕಾಕು ಬಾಗಿಲಲ್ಲಿ ನಿಂತು. ಅವರ ದನಿಯಲ್ಲಿ ಕರುಣೆ ಇರಲಿಲ್ಲ. ಕಾಕಾ ಮುಖ ಆ ಕಡೆ ತಿರುಗಿಸಿದರು. ಗುಂಡು ಕನ್ನಡಿಯಲ್ಲಿ ಅವರ ಕಣ್ಣೊರೆಸಿಕೊಳ್ಳುವ ಕೈ ನನಗೆ ಕಾಣಿಸಿತು.

ಮರುದಿನ ಅಂಗಡಿಗೆ ನಿಜವಾಗಿಯೂ ಕೀಲಿ ಹಾಕಿ ಹೊರಟರು. ನನ್ನನ್ನೂ ಕರೆದರು. "ನೀವೂ ಬರ್ರಿ ಬಾಯಾರ, ನಿಮ್ಮ ಪುಸ್ತಕದ ಸಲವಾಗಿ" ಎಂದರು. ಒಬ್ಬರೇ ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ. ನಾನು ಶಾಲೆಗೆ ರಜೆ ಹಾಕಿದೆ. ಕಂಡಕ್ಟರನಿಗೆ ಇಚಲಕರಂಜಿ ಎಂದೇ ಹೇಳಿದರು, ನಿಪ್ಪಾಣಿ ಎನ್ನಲಿಲ್ಲ. ದಾರಿಯುದ್ದಕ್ಕೂ ಫಿಲ್ಮಿನ ಗಂಟು ತೊಡೆಯ ಮೇಲಿತ್ತು.

ಓಣಿಗೆ ಕಾಲಿಟ್ಟರೆ ಮಗ್ಗಗಳ ಖಟಪಟ ಕಿವಿ ಹರಿಯುತ್ತಿತ್ತು. ಪ್ರೆಸ್ ಮಾಮಾ ಮಷೀನಿನ ಮುಂದೆ ನಿಂತು ಹಾಳೆ ಬಿಡುತ್ತಿದ್ದರು. ತಲೆ ಎತ್ತಿ ನಮ್ಮನ್ನು ನೋಡಿದರು. ಮಷೀನು ಓಡುತ್ತಲೇ ಇತ್ತು, ಹಾಳೆಗಳು ಬೀಳುತ್ತಲೇ ಇದ್ದವು.

"ಪ್ರೆಸ್ ಬಂದ್ ಆಹೇ" ಎಂದರು.

ಕಾಕಾ ಮೆಟ್ಟಿಲ ಮೇಲೆ ನಿಂತರು. ಗೆಳೆಯ ಅವತ್ತು ನಿಂತ ಹಾಗೆಯೇ, ಗಂಟು ಎದೆಗವಚಿಕೊಂಡು. ಬಾಯಿ ಏನೋ ಅಂದಿತು, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

"ಏನಂದಿ?" ಪ್ರೆಸ್ ಮಾಮಾ ಕಿವಿಯ ಹಿಂದೆ ಕೈ ಇಟ್ಟರು.

"ತಪ್ಪಾತಂದೆ."

"ಕೇಳಸ್ಲಿಲ್ಲ. ಜೋರಲೆ ಹೇಳ."

ಕಾಕಾ ಕಣ್ಣು ಮುಚ್ಚಿ, ಎದೆ ತುಂಬ ಉಸಿರು ತೆಗೆದುಕೊಂಡರು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಆಗ ಲೋಡ್‌ಶೆಡ್ಡಿಂಗ್ ದಿನಗಳು, ಯಾವಾಗ ಹೋಗುತ್ತದೆಂದು ದೇವರಿಗೂ ಗೊತ್ತಿರುತ್ತಿರಲಿಲ್ಲ. ಓಣಿಯ ಅಷ್ಟೂ ಮಗ್ಗ ಒಮ್ಮೆಲೇ ಗಪ್ಪಾದವು. ಆ ನಿಶ್ಶಬ್ದದಲ್ಲಿ ಕಾಕಾರ ಕೂಗು ಪಕ್ಕದೂರು ಯಡ್ರಾವದ ತನಕ ಕೇಳಿಸಿರಬೇಕು:

"ತಪ್ಪಾತೋ ಮಾರಾಯಾ! ನೀ ಕಳ್ಳ ಅಲ್ಲೋ!"

ನೇಕಾರರು ಬಾಗಿಲು ಬಾಗಿಲಿಗೆ ಬಂದು ನಿಂತರು. "ಕಾಯ್ ಝಾಲಂ? ಕೋಣ್ ಚೋರ್?" ಎಂದು ಕಳ್ಳನನ್ನು ಹುಡುಕುತ್ತ ಒಬ್ಬ ಓಡಿಯೇ ಬಂದ. ಪ್ರೆಸ್ ಮಾಮಾ ಮೊದಲು ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತಲೇ ಮಸಿ ಹತ್ತಿದ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. "ಎಲ್ಲಾ ಓಣಿಗೆ ಡಂಗುರಾ ಸಾರಿದೆಲ್ಲೋ" ಎಂದರು. ಕಾಕಾ ಟೋಪಿಯಿಂದ ಸೂಜಿ ತೆಗೆದು ಅವರ ಅಂಗಿಯ ಕಾಲರಿಗೆ ಚುಚ್ಚಿದರು. "ಇದ ನಿನ್ನ ಹಂತ್ಯಾಕ ಇರಲಿ. ನನ್ನ ತಲೀ ಮ್ಯಾಲೆ ಬ್ಯಾಡ" ಎಂದರು. ಆಮೇಲೆ ಚಹಾ ಬಂತು. ಕರೆಂಟು ಬರುವ ತನಕ ಇಬ್ಬರೂ ಮೆಟ್ಟಿಲ ಮೇಲೆ ಒತ್ತಿಗೆ ಕೂತು ಅದನ್ನು ಕುಡಿದರು.

ನನ್ನ ಪುಸ್ತಕ ಆಯಿತು. ಬೆನ್ನಿಗೆ ಹದಿಮೂರು ಅಂಕಿ, ಬಾಲದ ಅಂಕಿಯನ್ನು ಕಾಕಾ ಏಜೆಂಟರಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡದ್ದು. ಮೊದಲ ಪ್ರತಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹಾಳೆ ಹಾಳೆ ತಿರುವಿದೆ. ಎಲ್ಲೂ ತೂತು ಇಲ್ಲ. ಸೂಜಿ ಇಚಲಕರಂಜಿಯಲ್ಲಿದೆ ಎಂದು ಗೊತ್ತಿದ್ದರೂ ಮೂಗಿನ ತುದಿಗೆ ಸಿಟ್ಟು ಬಂತು.

"ನನ್ನ ಪುಸ್ತಕಾ ಯಾರೂ ಕದಿಯೂದಿಲ್ಲಂತ ಬಿಟ್ರೇನ್ರಿ?"

"ಕದ್ದರ ಕದೀಲಿ ಬಾಯಾರ" ಎಂದರು ಕಾಕಾ. "ಕದ್ದರ ಓದಾಕ ಕದೀತಾರ."

ಹೀಗೆ ಹೇಳಿ ಎದ್ದು, ಒಳಗಿನ ಕಪಾಟಿನಿಂದ ಆ ದೊಡ್ಡ ನಿಘಂಟನ್ನು ತಂದು ನನ್ನ ಕೈಗಿಟ್ಟರು. ಅದೇ ಒಂದೇ ಪ್ರತಿ, ಬೆನ್ನಿಗೆ ಹಳೆಯ ಹತ್ತಂಕಿಯ ನಂಬರಿದ್ದದ್ದು. "ಮನಿಗೆ ಒಯ್ದ ಓದ್ರಿ. ಸಾವಕಾಶ ತಂದ ಕೊಡ್ರಿ" ಎಂದರು. ನಾನು ಆ ಸ್ಟೂಲಿನಿಂದ ಎದ್ದು ಒಂದು ಪುಸ್ತಕ ಹಿಡಿದು ಮೆಟ್ಟಿಲಿಳಿದದ್ದು ಅದೇ ಮೊದಲು. ಬೆನ್ನ ಹಿಂದೆ ಕನ್ನಡಿಯಲ್ಲಿ ನೋಡುತ್ತಿದ್ದಾರೆಯೇ ಎಂದು ತಿರುಗಿ ನೋಡಿದೆ. ಅವರು ಗಿರಾಕಿಗೆ ಪೆನ್ನು ತೋರಿಸುತ್ತಿದ್ದರು.

ಅದನ್ನು ಮರಳಿ ಕೊಡುವ ಮೊದಲೇ ಕಾಕಾ ಹೋದರು. ಬಹಳ ನರಳಲಿಲ್ಲ. ಹಣೆಗೆ ವಿಭೂತಿ ಹಚ್ಚಿ ಕೂರಿಸಿದಾಗ ಯಾರದೋ ಮಾತನ್ನು ನಂಬದೆ ಕೂತ ಹಾಗೆಯೇ ಇದ್ದರು. ಪ್ರೆಸ್ ಮಾಮಾ ಬಂದು ಮಣ್ಣು ಕೊಟ್ಟರು. ಅವರ ಕಾಲರಿನಲ್ಲಿ ಸೂಜಿ ಹಾಗೆಯೇ ಇತ್ತು.

ಕೆಲವು ದಿನ ಬಿಟ್ಟು ನಾನು ನಿಘಂಟನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಗಾದಿಯ ಮೇಲೆ ಕಾಕು ಕೂತಿದ್ದರು. "ಕಾಕಾರ ಪುಸ್ತಕರಿ. ವಾಪಸ್ ಕೊಡಾಕ ಬಂದೇನಿ" ಎಂದೆ. ಕಾಕು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಯಾರ ಕಳಸ್ಯಾರ ನಿಮ್ಮನ್ನ?" ಎಂದರು.

ಥೇಟ್ ಅದೇ ದನಿ. ಇಬ್ಬರೂ ನಕ್ಕೆವು, ಮತ್ತೆ ನಕ್ಕೆವು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನಿಘಂಟನ್ನು ಮತ್ತೆ ನನ್ನ ಕಡೆಗೇ ಸರಿಸಿದರು.

"ಒಯ್ರಿ ಬಾಯಾರ, ಮನಿಗೆ ಒಯ್ರಿ. ಅವರು ಕೇಳಿದ್ರ ನಾ ಹೇಳತೇನಿ."